ಹತ್ತಿರದ ಪೆಟ್ಟಿಗೆ

ಪೆಟ್ಟಿಗೆಯ ದೀಪ ಕೆಂಪಾದಾಗ ಮಗಳು ಬಾಯಿ ತೆರೆದಿದ್ದಳು. “ಅಪ್ಪಾ, ಒಂದು ಕೇಳ್ಲಾ” ಎಂದಿದ್ದಳು, ಅಷ್ಟೆ. ಆಮೇಲೆ ತೆರೆದ ಬಾಯಿ ತೆರೆದಂತೆಯೇ ಲ್ಯಾಪ್‌ಟಾಪಿನ ಪರದೆಯ ಮೇಲೆ ನಿಂತುಬಿಟ್ಟಿತು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಒಸಡು ಸೀಳಿಕೊಂಡು ಬರುತ್ತಿತ್ತು. ಅದರ ಅಂಚು ಸಣ್ಣ ಗರಗಸದಂತೆ ಮೊನೆಮೊನೆಯಾಗಿತ್ತು. ಹುಟ್ಟುವಾಗ ಎಲ್ಲರ ಹಲ್ಲೂ ಹಾಗೇ ಇರುತ್ತದೆ ಪುಟ್ಟಿ, ಕಚ್ಚಿ ಕಚ್ಚಿ ಸವೆದ ಮೇಲೆ ನೆಟ್ಟಗಾಗುತ್ತದೆ ಎಂದು ಅವನು ಹೇಳಬೇಕೆಂದಿದ್ದ. ಹಲ್ಲು ಕಟ್ಟುವುದು ಅವನ ಕಸುಬು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ತೆಗೆದು, ಮೇಣದಲ್ಲಿ ಒಸಡು ಕೆತ್ತಿ, ಒಂದೊಂದೇ ಹಲ್ಲು ಕೂರಿಸಿ ಕಳಿಸುತ್ತಾನೆ. ಈ ಮಹಡಿಯ ಕೋಣೆಯ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಅವನು ಎಂದೂ ನೋಡದ ಜನರ ದವಡೆಗಳಿವೆ, ಆ ದವಡೆಗಳ ನಡುವೆ ಈ ಬಿಳಿ ವೈಫೈ ಪೆಟ್ಟಿಗೆ. ಪರದೆಯ ಮೂಲೆಯಲ್ಲಿ ಸಿಗ್ನಲ್ ಗೆರೆಗಳು ತುಂಬಿ ತುಳುಕುತ್ತಿದ್ದವು. ಮೈ ಉರಿಸಿದ್ದು ಅದೇ. ಇಲ್ಲದಿದ್ದರೆ ಇಲ್ಲ ಎನ್ನಬೇಕು; ಎಲ್ಲ ಇದೆಯೆಂದು ತೋರಿಸಿಕೊಂಡು ಒಳಗೆ ಏನೂ ಇಲ್ಲದವರನ್ನು ಕಂಡರೆ ಅವನಿಗೆ ಕೈ ಕಡಿಯುತ್ತಿತ್ತು. ಆ ಪೆಟ್ಟಿಗೆಗೆ ಕುತ್ತಿಗೆ ಇದ್ದಿದ್ದರೆ ಹಿಡಿದು ಹಿಂಡಬಹುದಿತ್ತು ಎನ್ನಿಸಿತು. ಇಲ್ಲ, ಸಮಾಧಾನ, ಎಂದುಕೊಂಡ.

ಸಮಾಧಾನ ಎನ್ನುವುದು ಅವನ ಮಾತಲ್ಲ, ಆಪ್ತಸಮಾಲೋಚಕಿಯದು. ಮಗಳ ಪಕ್ಕದಲ್ಲಿ, ಪರದೆಯ ಅಂಚಿಗೆ ಒಂದು ಭುಜ ಮಾತ್ರ ಕಾಣುವಂತೆ ಕೂತಿರುತ್ತಾಳಲ್ಲ, ಅವಳದು. ಪ್ರತಿ ಶನಿವಾರ ಮಧ್ಯಾಹ್ನ ಅರ್ಧ ಗಂಟೆ, ಅವಳ ಕೋಣೆಯಿಂದ, ಅವಳ ಎದುರಿಗೆ, ಅವನು ತನಗೇ ಹುಟ್ಟಿದ ಮಗಳ ಜೊತೆ ಮಾತಾಡಬಹುದು. ಫೋನ್ ಮಾಡುವ ಹಾಗಿಲ್ಲ, ಶಾಲೆಯ ಬಾಗಿಲಲ್ಲಿ ನಿಲ್ಲುವ ಹಾಗಿಲ್ಲ. ಕಳೆದ ವಾರ ಆ ಹೆಂಗಸು, ಹೋಟೆಲಿನವನು ಗಿರಾಕಿಗೆ ಜಾಗ ತೋರಿಸುವ ದನಿಯಲ್ಲಿ, “ಇನ್ನೊಂದು ಸಲ ಚೆನ್ನಾಗಿ ಆದ್ರೆ ಅದರ ಮುಂದಿನ ಶನಿವಾರ ಪಾರ್ಕಲ್ಲಿ ಭೇಟಿ ಇಟ್ಕೊಳ್ಳೋಣ. ನಾನೂ ಇರ್ತೀನಿ, ಆದ್ರೆ ಸ್ವಲ್ಪ ದೂರದಲ್ಲಿ. ನೀವು ಸಮಾಧಾನವಾಗಿರೋದು ಮುಖ್ಯ” ಎಂದಿದ್ದಳು. ಪಾರ್ಕು. ಮಗಳ ಕೈ ಹಿಡಿದುಕೊಳ್ಳಬಹುದು. ಅವಳ ಅಂಗೈ ಸದಾ ಸ್ವಲ್ಪ ಅಂಟಂಟು, ಏನಾದರೂ ತಿಂದ ಕೈ. ಆ ಅಂಟಿಗಾಗಿ ಇಡೀ ವಾರ ಅವನು ಯಾರ ಮೇಲೂ ದನಿ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರ ಸಹಾಯಕಿ ಒಂದು ಸೆಟ್ಟು ವಾಪಸ್ಸು ತಂದು ಮೇಜಿನ ಮೇಲೆ ಕುಕ್ಕಿ, “ಕಚ್ಚಿದ್ರೆ ಒಂದೇ ಕಡೆ ತಗುಲುತ್ತಂತೆ. ಡಾಕ್ಟ್ರು ಕೇಳಿದ್ರು, ಕಣ್ಣಿಗೆ ಕನ್ನಡಕ ಬೇಕೇನೋ ಅಂತ” ಎಂದು ನಕ್ಕಾಗಲೂ ಅವನು ನಕ್ಕಿದ್ದ. ಹಲ್ಲು ಕಿರಿದದ್ದೇ. ಅವಳು ಮೆಟ್ಟಿಲಿಳಿದು ಹೋದಮೇಲೆ ಆ ಸೆಟ್ಟನ್ನು ಕೈಯಲ್ಲಿ ಹಿಡಿದು, ಅದೇ ಸೆಟ್ಟಿನಿಂದ ಡಾಕ್ಟರ ಕಿವಿ ಕಚ್ಚಿಸಿದರೆ ಎರಡೂ ಕಡೆ ತಗುಲುತ್ತದೋ ಇಲ್ಲವೋ ಎಂದು ಯೋಚಿಸಿದ್ದ. ಯೋಚನೆಗೆ ಯಾರ ಅಡ್ಡಿ. ಯೋಚನೆಯನ್ನು ಯಾವ ಮೇಡಮ್ಮೂ ಬರೆದುಕೊಳ್ಳುವುದಿಲ್ಲ.

“ಅಕ್ಕಾ,” ಎಂದು ಕೂಗಿದ. “ಕೆಳಗಿಂದು ಯಾವ ಬಣ್ಣ ಇದೆ ನೋಡು.”

“ಬಿಳಿ ಕಣೋ,” ಎಂದು ಕೆಳಗಿನ ಹಾಲಿನಿಂದ ಅಕ್ಕನ ದನಿ ಬಂತು. “ತಾಯಿ ಚೆನ್ನಾಗಿದಾಳೆ. ಮೆಟ್ಟಿಲ ಹತ್ರ ಇರೋ ಮರೀನೂ ಚೆನ್ನಾಗಿದೆ. ನಿನ್ನ ಪಕ್ಕದ್ದೇ ಮುನಿಸ್ಕೊಂಡಿರೋದು. ನಿನ್ನ ಪಕ್ಕ ಯಾರು ತಾನೆ ನೆಟ್ಟಗಿರ್ತಾರೆ.”

ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ನಿವೃತ್ತಳಾದ ಅಕ್ಕ ಮನೆಗೆ ಬಂದ ವಸ್ತುವಿಗೆಲ್ಲ ತಾಯಿ, ಮರಿ ಎಂದೇ ಹೆಸರಿಡುತ್ತಾಳೆ. ಹೊರಗಿನ ತಂತಿ ಬಂದು ಸೇರುವ ಪೆಟ್ಟಿಗೆ ತಾಯಿ. ಅದರಿಂದ ಇಸಿದುಕೊಂಡು ಮನೆಗೆಲ್ಲ ಹಂಚುವ ಉಳಿದೆರಡು ಮರಿ. ಮೂರೂ ಒಂದಕ್ಕೊಂದು ಕೈಹಿಡಿದುಕೊಂಡಿರುತ್ತವೆ, ನಡೆದಾಡುತ್ತ ಮಾತಾಡಿದರೂ ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿಸುತ್ತವೆ, ಗೊತ್ತೇ ಆಗುವುದಿಲ್ಲ ಎಂದು ಅಂಗಡಿಯವನು ಹೇಳಿ ಮಾರಿದ್ದ. ಅವನ ಮಾತು ಕೇಳಿ ತಂದದ್ದೂ ಈ ಶನಿವಾರಗಳಿಗಾಗಿಯೇ. ಅಂಗಡಿಯವನ ಮುಖ ನೆನಪಾಯಿತು. ನುಣ್ಣಗೆ ಬೋಳಿಸಿದ ಗಲ್ಲ, ಒಂದು ಬಿಟ್ಟರೆ ಐದು ಬೆರಳೂ ಮೂಡುವಂಥ ಗಲ್ಲ.

“ಲ್ಯಾಪ್‌ಟಾಪ್ ಎತ್ಕೊಂಡು ಕೆಳಗೆ ಬಾರೋ, ಇಲ್ಲೇ ಕೂತು ಮಾತಾಡು,” ಎಂದಳು ಅಕ್ಕ.

“ಚಾರ್ಜರ್ ತೆಗೆದ್ರೆ ಸತ್ತುಹೋಗುತ್ತೆ ಅಂತ ಎಷ್ಟು ಸಲ ಹೇಳ್ಲಿ ನಿಂಗೆ.”

“ಸತ್ತರೆ ಸಾಯಲಿ ಬಿಡು, ಮತ್ತೆ ಹಚ್ಚಿದ್ರಾಯ್ತು.”

ಹಾಗಲ್ಲ ಎಂದು ಅವಳಿಗೆ ಹೇಗೆ ಹೇಳುವುದು. ಮೊದಲ ತಿಂಗಳು ಒಂದು ಸಲ, ಆ ಮೇಡಂ ಮಗಳ ಮಾತಿನ ನಡುವೆ ಬಾಯಿ ಹಾಕಿದ್ದಕ್ಕೆ ಅವನು ಪಟ್ಟೆಂದು ಲ್ಯಾಪ್‌ಟಾಪ್ ಮುಚ್ಚಿದ್ದ. ‘ತಂದೆ ನಡುವೆ ಎದ್ದುಹೋದರು’ ಎಂದು ಅವಳು ಬರೆದಳು. ಆ ಒಂದು ವಾಕ್ಯ ತೊಳೆಯಲು ಎಷ್ಟೋ ಶನಿವಾರ ಹಿಡಿಯಿತು. ಈಗ ಪರದೆ ಕಪ್ಪಾದರೆ ಅದನ್ನೇ ಬರೆಯುತ್ತಾಳೆ. ಪೆಟ್ಟಿಗೆ ಕೆಟ್ಟಿತು ಎಂದರೆ ಯಾರು ನಂಬುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರೆ. ಅವನು ಕುರ್ಚಿಯಿಂದ ಏಳದೆ ಫೋನು ತೆಗೆದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಸಹಾಯವಾಣಿಯ ನಂಬರು ಒತ್ತಿದ. ಒಂದು ಹಾಡು ಬಂತು. ಹಾಡು ಮುಗಿದು ಮತ್ತೆ ಅದೇ ಹಾಡು. ಎದುರಿಗೆ ಮಗಳ ಬಾಯಿ ತೆರೆದೇ ಇತ್ತು. ಏನು ಕೇಳಲು ಹೊರಟಿದ್ದಳು? ಪಾರ್ಕಿನಲ್ಲಿ ಏನು ತಿನ್ನಿಸುತ್ತೀಯ ಎಂದೇ, ಅಮ್ಮನೂ ಬರಬಹುದೇ ಎಂದೇ. ಅಥವಾ ಅದೇನಾದರೂ. ‘ಅಪ್ಪಾ, ನೀನು ಅಮ್ಮನಿಗೆ ಯಾಕೆ.’

ಅವಳಮ್ಮನ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು. ಹಲ್ಲು ಉದುರಿಸ್ತೀನಿ ಎನ್ನುವುದು ಅವನ ಮನೆಯಲ್ಲಿ ನೀರು ಕುಡಿದಷ್ಟು ಸಲೀಸಾದ ಮಾತು. ಅವನಪ್ಪ ಅಂದದ್ದು, ಅವನು ಅಂದದ್ದು. ಮದುವೆಯಾದ ಹೊಸತರಲ್ಲಿ, ಉದುರಿಸಿದರೂ ಕಟ್ಟಿಕೊಡೋನೂ ನಾನೇ ಕಣೇ ಎಂದು ನಗಾಡಿದ್ದ, ಅವಳೂ ನಕ್ಕಿದ್ದಳು. ಅಂದು ಏನಾಯಿತೆಂದರೆ, ಏನೂ ಆಗಲಿಲ್ಲ, ಮೇಣ ಕಾಯಿಸುವ ದೀಪವನ್ನು ಅವಳು ಮಗುವಿಗೆ ಎಟುಕುತ್ತದೆಂದು ಎತ್ತಿಟ್ಟಿದ್ದಳು, ಅವನಿಗೆ ಸಿಗಲಿಲ್ಲ, ಕೇಳಿದ, ಅವಳು ಬೆನ್ನು ತಿರುಗಿಸಿಕೊಂಡೇ ಉತ್ತರ ಕೊಟ್ಟಳು. ಹಲ್ಲು ನೆಲದ ಮೇಲೆ ಬಿದ್ದ ಸದ್ದು ಚಿಕ್ಕದು, ಅಕ್ಕಿಯಲ್ಲಿ ಕಲ್ಲು ಆರಿಸಿ ತಟ್ಟೆಗೆ ಎಸೆದ ಹಾಗೆ. ಬಾಗಿಲ ಬಳಿ ನಿಂತಿದ್ದ ಮಗಳು ಅದನ್ನು ಹೆಕ್ಕಿ ಅವನ ಕೈಗೇ ತಂದುಕೊಟ್ಟಳು, ಅಪ್ಪನ ಮೇಜಿನಿಂದ ಬಿದ್ದದ್ದು ಎಂದುಕೊಂಡು. ಅವನು ಆ ವಾರವೆಲ್ಲ ಕೂತು ಹೆಂಡತಿಗೆ ಒಂದು ಹಲ್ಲು ಮಾಡಿದ. ಪಕ್ಕದ ಹಲ್ಲಿನ ಹಳದಿ, ತುದಿಯ ತೆಳುನೀಲಿ, ಒಂದು ಕೂದಲೆಳೆಯಷ್ಟು ಬಿರುಕು ಕೂಡ. ಅಷ್ಟು ಚೆನ್ನಾದ ಹಲ್ಲನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಅವಳು ಅದನ್ನು ಹಾಕಿಕೊಂಡಳು, ‘ಸರಿಯಾಗಿದೆ’ ಎಂದಳು. ಅವನು ಏನು ಹೇಳಿದರೂ ಸರಿ ಎನ್ನತೊಡಗಿದಳು. ಮನೆ ಎಷ್ಟು ಶಾಂತವಾಗಿತ್ತೆಂದರೆ ತಾನು ಎಲ್ಲವನ್ನೂ ಸರಿಮಾಡಿದೆ ಎಂದೇ ಅವನು ನಂಬಿದ. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೊರಟುಹೋದಳು. ಕೋರ್ಟಿನ ವರಾಂಡದಲ್ಲಿ ಆಮೇಲೆ ಕಂಡಾಗ ಆ ಜಾಗದಲ್ಲಿ ಬೇರೆ ಯಾರೋ ಕಟ್ಟಿದ ಹಲ್ಲಿತ್ತು, ಸುಣ್ಣದಂತೆ ಬೆಳ್ಳಗೆ, ಕೆಟ್ಟ ಕೆಲಸ. ವಕೀಲರು ಏನೇನೋ ಹೇಳಿದ್ದು ಅವನಿಗೆ ಅಷ್ಟು ನಾಟಲಿಲ್ಲ, ಆ ಕೆಟ್ಟ ಕೆಲಸ ನಾಟಿತು.

“ಸಾರ್, ನಮಸ್ಕಾರ, ಏನು ತೊಂದರೆ ಆಗ್ತಿದೆ ಸಾರ್?” ಫೋನಿನಲ್ಲಿ ಹುಡುಗಿಯೊಬ್ಬಳ ದನಿ.

ಹೇಳಿದ. ಅವಳು ಪ್ರತಿ ವಾಕ್ಯವನ್ನೂ ಅವನಿಗೇ ತಿರುಗಿ ಹೇಳಿ ಒಪ್ಪಿಸಿಕೊಂಡಳು. ದೀಪ ಕೆಂಪಾ ಸಾರ್, ಮಿಣುಕುತ್ತಾ ಇದೆಯಾ, ನಿಂತಿದೆಯಾ. ನಿಂತಿದೆ. ಪೆಟ್ಟಿಗೆ ಎದುರಿಗೆ ಕಬ್ಬಿಣದ ಬೀರು, ಕನ್ನಡಿ, ನೀರಿನ ತೊಟ್ಟಿ ಏನಾದ್ರೂ ಇದೆಯಾ ಸಾರ್. ಇಲ್ಲ. ಎದುರಿಗೆ ಏನಿದೆ ಸಾರ್. “ಹಲ್ಲು,” ಎಂದ. ಅವಳು ಸರಿ ಸಾರ್ ಎಂದಳು. ಅವನು ಮೇಣ ಕೆತ್ತುವ ಸೂಜಿಕಡ್ಡಿ ತೆಗೆದುಕೊಂಡು ಪೆಟ್ಟಿಗೆಯ ಹಿಂದಿನ ಸಣ್ಣ ತೂತನ್ನು ಬೆರಳಿನಿಂದ ತಡಕುತ್ತಿದ್ದಾಗ, ಕಂಡವಳಂತೆ, “ಆ ತೂತಿಗೆ ಮಾತ್ರ ಏನೂ ಹಾಕ್ಬೇಡಿ ಸಾರ್, ಎಲ್ಲಾ ಅಳಿಸಿಹೋಗುತ್ತೆ” ಎಂದಳು. ಕದಿಯುವಾಗ ಸಿಕ್ಕಿಬಿದ್ದವನಂತೆ ಅವನು ಕಡ್ಡಿ ಕೆಳಗಿಟ್ಟ. ಕೆಳಗಿನ ದೊಡ್ಡ ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಬೇಕು ಎಂದಳು. ಅವನು ಅಕ್ಕನಿಗೆ ಕೂಗಿ ಹೇಳಿದ. ಅಕ್ಕ ಆರಿಸಿ, ಹಚ್ಚಿ, “ಹೆರಿಗೆ ಆಯ್ತು ಕಣೋ, ತಾಯಿ ಕ್ಷೇಮ” ಎಂದಳು. ಇವನ ಪಕ್ಕದ ಪೆಟ್ಟಿಗೆ ಒಮ್ಮೆ ಕಣ್ಣು ಹೊಡೆಯಿತು, ಬಿಳಿಯಾಗುತ್ತೇನೋ ಎಂದು ಆಸೆ ಹುಟ್ಟಿಸಿತು, ಮತ್ತೆ ಕೆಂಪಾಗಿ ಕೂತಿತು. ಪರದೆಯ ಮೂಲೆಯ ಗೆರೆಗಳು ಮಾತ್ರ ತುಂಬಿಕೊಂಡೇ ಇದ್ದವು.

ಅಪ್ಪನಾಗಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಟೀವಿಯ ಚಿತ್ರ ಹಾರಿದರೆ ಎದ್ದುಹೋಗಿ ಬಲಗಡೆಯಿಂದ ಒಂದು ಬಿಡುತ್ತಿದ್ದ, ಚಿತ್ರ ನಿಲ್ಲುತ್ತಿತ್ತು. ರೇಡಿಯೋಗೂ ಅದೇ ಮದ್ದು, ಲೆಕ್ಕ ತಪ್ಪಿದ ಮಗನಿಗೂ ಅದೇ. ಏಟು ಬಿದ್ದ ಮೇಲೆ ಲೆಕ್ಕ ನಿಜಕ್ಕೂ ಸರಿಬರುತ್ತಿತ್ತು, ಅದೇ ವಿಚಿತ್ರ. ಬಚ್ಚಲಲ್ಲಿ ಮುಖ ತೊಳೆದು ಬಂದು ಕೂತರೆ ಅಂಕಿಗಳು ತಾವಾಗಿ ಸಾಲುಗಟ್ಟುತ್ತಿದ್ದವು. ಅಕ್ಕ ಒಬ್ಬಳೇ ಅಪ್ಪನಿಗೆ ಎದುರು ನಿಲ್ಲುತ್ತಿದ್ದದ್ದು, ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದಮೇಲೆ ಬರಲ್ಲ ಅಪ್ಪಾ ಎಂದು. ಅವಳಿಗೂ ಬೀಳುತ್ತಿತ್ತು. ಆದರೂ ಹೇಳುತ್ತಿದ್ದಳು. ಅವನಿಗೆ ಆಗಲೂ ಅಕ್ಕನ ಮೇಲೆಯೇ ಸಿಟ್ಟು ಬರುತ್ತಿತ್ತು, ಬಾಯಿ ಮುಚ್ಚಿಕೊಂಡು ಇರಬಾರದೇ, ಇವಳಿಂದಲೇ ಏಟು ಮುಗಿಯುವುದು ತಡವಾಗುತ್ತದೆ ಎಂದು.

“ಸಾರ್, ಲೈನಲ್ಲಿದೀರಾ ಸಾರ್?”

“ಇದೀನಿ. ಇನ್ನೂ ಕೆಂಪೇ ಇದೆ. ನನ್ನ ಟೈಮ್ ಹೋಗ್ತಾ ಇದೆ, ಗೊತ್ತಾಗುತ್ತಾ ನಿಮಗೆ? ಅರ್ಧ ಗಂಟೆ ಕೊಟ್ಟಿರೋದು ನನಗೆ. ಅದ್ರಲ್ಲಿ ನೀವು ಹಾಡು ಹಾಕಿ ಅರ್ಧ ತಿಂದ್ರಿ.”

“ಅರ್ಥ ಆಗುತ್ತೆ ಸಾರ್.”

“ಏನು ಅರ್ಥ ಆಗುತ್ತೆ? ಏನು ಅರ್ಥ ಆಯ್ತು ಹೇಳು ನೋಡೋಣ.”

“ಸಾರ್, ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ. ಕೊನೇದಾಗಿ ಒಂದೇ ಒಂದು ಮಾಡೋದಿದೆ. ಈಗ ನಿಮ್ಮ ಪಕ್ಕದಲ್ಲಿರೋ ಪೆಟ್ಟಿಗೆದು ಸ್ವಿಚ್ಚು—”

ಆ ಮಾತು ಅವಳ ಬಾಯಿಂದಲೂ ಬಂತಲ್ಲ. ಫೋನಿಟ್ಟದ್ದೋ ಎಸೆದದ್ದೋ ಅವನಿಗೇ ಗೊತ್ತಾಗಲಿಲ್ಲ, ಅದು ಗೋಡೆಗೆ ಬಡಿದು ಮೇಜಿನ ಕೆಳಗೆ ಹೋಯಿತು. ಊರೆಲ್ಲ ಸೇರಿ ಅವನಿಗೆ ಸಮಾಧಾನ ಹೇಳುತ್ತಿದೆ. ಡಾಕ್ಟರು, ವಕೀಲ, ಮೇಡಂ, ಈಗ ಯಾವುದೋ ಊರಿನಲ್ಲಿ ಕೂತ ಈ ಹುಡುಗಿ. ಅವರಿಗೆ ಯಾರ ಮಗಳೂ ಬಾಯಿ ತೆರೆದುಕೊಂಡು ಎದುರಿಗೆ ನಿಂತಿಲ್ಲ. ಪ್ಲಾಸ್ಟರ್ ಒಡೆಯುವ ಸುತ್ತಿಗೆ ಕೈಗೆ ಬಂದಿತ್ತು. ಹಿಡಿ ಸವೆದು ಅವನ ಅಂಗೈಯ ಅಳತೆಗೇ ಕೂತ ಸುತ್ತಿಗೆ. ದಿನಾ ಅದರಿಂದ ಎಷ್ಟು ಹುಷಾರಾಗಿ ತಟ್ಟುತ್ತಾನೆ, ಪ್ಲಾಸ್ಟರ್ ಬಿರಿಯಬೇಕು, ಒಳಗಿನ ಹಲ್ಲಿಗೆ ನೋವಾಗಬಾರದು. ಎದ್ದ. ಲ್ಯಾಪ್‌ಟಾಪಿಗೆ ಬೆನ್ನು ಹಾಕಿ ಹಲಗೆಯ ಮುಂದೆ ನಿಂತು ತೋಳೆತ್ತಿ ಹೊಡೆದ.

ಮೊದಲ ಏಟಿಗೇ ಕೆಂಪು ದೀಪ ಆರಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆರಿದ್ದು ಅವನಿಗೆ ಸಾಲಲಿಲ್ಲ. ಎರಡನೆಯ ಏಟಿಗೆ ಪೆಟ್ಟಿಗೆಯ ಮುಚ್ಚಳ ಬಾಯಿಬಿಟ್ಟಿತು, ಒಳಗೆ ಹಸಿರು ಹಲಗೆ, ಎಳೆ ಎಳೆ ತಂತಿ. ಮೂರನೆಯದು ಅಂಗಡಿಯವನ ಗಲ್ಲಕ್ಕೆ. ಇದು ಡಾಕ್ಟರಿಗೆ. ಇದು ಬೆನ್ನು ತಿರುಗಿಸಿಕೊಂಡು ಉತ್ತರ ಕೊಡುವವಳಿಗೆ. ಇದು ಆ ಬೆಳ್ಳನೆಯ ಕೆಟ್ಟ ಹಲ್ಲು ಕಟ್ಟಿದವನಿಗೆ. ಗೋಡೆಯ ಹಲಗೆ ಅದುರಿ ದವಡೆಗಳು ಒಂದೊಂದಾಗಿ ಬಿದ್ದು ನೆಲದ ಮೇಲೆ ಪುಡಿಯಾದವು, ವಾರದ ಕೆಲಸವೆಲ್ಲ, ಬೀಳುತ್ತಿದ್ದ ಒಂದನ್ನು ಅವನು ಗಾಳಿಯಲ್ಲೇ ಹೊಡೆದ. ಎಷ್ಟು ಸುಖವಾಗುತ್ತಿತ್ತು. ಇಷ್ಟು ಶನಿವಾರ ಹಲ್ಲು ಕಚ್ಚಿ ನುಂಗಿದ್ದೆಲ್ಲ ತೋಳಿನಲ್ಲಿ ಇಳಿದು ಹೋಗುತ್ತಿತ್ತು, ಬೆವರು ಕಣ್ಣಿಗೆ ಹರಿಯುತ್ತಿತ್ತು, ಬಾಯಿಂದ ಬರುತ್ತಿದ್ದ ಮಾತು ಅಪ್ಪನದೋ ತನ್ನದೋ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಒಂದೇ ಮಾತು. ಹಲ್ಲು ಉದುರಿಸಿಬಿಡ್ತೀನಿ. ಒಬ್ಬೊಬ್ಬರದೂ.

ಅಕ್ಕ ಯಾವಾಗ ಮೇಲೆ ಬಂದಳೋ. “ತಮ್ಮಾ, ಸಾಕು. ತಿರುಗಿ ನೋಡು,” ಎಂದಳು. ಅವನಿಗೆ ಸಾಕು ಎಂದದ್ದು ಮಾತ್ರ ಕೇಳಿಸಿತು. ಅವಳು ಬಂದು ಮಣಿಕಟ್ಟು ಹಿಡಿದಳು, ನರ್ಸಿನ ಹಿಡಿತ, ಸೂಜಿ ಚುಚ್ಚುವಾಗ ಕೈ ಅಲುಗಿಸದ ಹಾಗೆ ಹಿಡಿಯುತ್ತಾರಲ್ಲ. “ತಿರುಗೋ, ಮಗು—” ಎಂದಳು. ಅವನು ಕೊಡವಿದ. ಕೊಡವಿದ್ದಷ್ಟೇ ಎಂದು ಆಮೇಲೆ ಎಷ್ಟು ಹೇಳಿಕೊಂಡರೂ, ಕೊಡವಿದ ಮೇಲೆ ಇನ್ನೊಂದು ಕೈಯಿಂದ ಎದೆಗೆ ಹಾಕಿ ನೂಕಿದ್ದೂ ಅವನಿಗೆ ಗೊತ್ತಿತ್ತು. ಮುದುಕಿ ಹಿಂದಕ್ಕೆ ಹೋಗಿ ಮೇಜಿನ ಅಂಚಿಗೆ ಬಡಿದು ಕುಸಿದಳು. ಹುಬ್ಬು ಸೀಳಿತು. ರಕ್ತ ತಡವಾಗಿ, ಆಮೇಲೆ ಒಮ್ಮೆಲೇ ಬಂತು. ಅವನು ಅವಳ ಮೇಲೆ ಸುತ್ತಿಗೆ ಎತ್ತಿ ನಿಂತಿದ್ದ. ಇಳಿಸಿಬಿಡಬೇಕು ಎನ್ನಿಸಿತು. ನಿಜವಾಗಿ ಎನ್ನಿಸಿತು, ಕಣ್ಣು ತೆರೆದುಕೊಂಡು, ಇವಳು ಯಾರು ಎಂದು ಗೊತ್ತಿದ್ದೂ, ತನ್ನನ್ನು ಎತ್ತಿ ಆಡಿಸಿದವಳು ಎಂದು ಗೊತ್ತಿದ್ದೂ. ಅವಳು ಸುತ್ತಿಗೆಯನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಅವನ ಸೊಂಟದ ಪಕ್ಕದಿಂದ ಹಿಂದಕ್ಕೆ ನೋಡಿ, ಒಂದು ಕೈಯಿಂದ ಹುಬ್ಬು ಒತ್ತಿಕೊಂಡು, ನಗಲು ಪ್ರಯತ್ನಿಸಿದಳು.

“ಪುಟ್ಟೀ, ಅತ್ತೆಗೆ ಏನೂ ಆಗಿಲ್ಲ ಕಣಮ್ಮ,” ಎಂದಳು.

ಅವನು ತಿರುಗಿದ. ಪರದೆಯ ಮೇಲೆ ನಿಂತಿದ್ದ ಚಿತ್ರ ಮತ್ತೆ ಚಲಿಸುತ್ತಿತ್ತು. ಪಕ್ಕದ ಪೆಟ್ಟಿಗೆ ಸತ್ತ ಕೂಡಲೇ ಲ್ಯಾಪ್‌ಟಾಪು ಅದರ ಕೈ ಬಿಟ್ಟು ಮೆಟ್ಟಿಲ ಬಳಿಯ ಮರಿಯನ್ನು ಹಿಡಿದುಕೊಂಡಿತ್ತು. ಹತ್ತಿರದ್ದು ಬದುಕಿದ್ದಷ್ಟು ಹೊತ್ತೂ ಅದಕ್ಕೇ ಜೋತುಬಿದ್ದಿತ್ತು, ಅಷ್ಟೆ. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಆಪ್ತಸಮಾಲೋಚಕಿಯ ಭುಜವಲ್ಲ, ಮುಖವೇ ಮುಂದೆ ಬಂದಿತ್ತು. ಅವಳ ಒಂದು ಕೈ ಮಗಳ ಕಣ್ಣಿಗೆ ಅಡ್ಡ ಹಿಡಿಯಲು ಹೋಗಿ, ತಡವಾಯಿತೆಂದು ತಿಳಿದು, ಅರ್ಧದಲ್ಲೇ ನಿಂತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಎರಡನೆಯ ಏಟಿನಿಂದಲೋ, ಮೂರನೆಯದರಿಂದಲೋ. ಮಗಳು ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ, ಬಾಯಿ ಮುಚ್ಚಿಕೊಂಡು. ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಅವನು ಸುತ್ತಿಗೆಯನ್ನು ಮೇಜಿನ ಕೆಳಗೆ ಹಾಕಿ, ಪ್ಲಾಸ್ಟರ್ ಪುಡಿಯ ಮೇಲೆ ಮಂಡಿಯೂರಿ ಕ್ಯಾಮೆರಾದ ಮಟ್ಟಕ್ಕೆ ಮುಖ ತಂದ. “ಪುಟ್ಟಿ. ಕನೆಕ್ಷನ್ ಹೋಗಿಬಿಟ್ಟಿತ್ತು ಕಣೆ. ಈಗ ಸರಿಹೋಯ್ತು.”

“ಸರಿ ಅಪ್ಪಾ.”

“ಆ ಪೆಟ್ಟಿಗೆ ಕೆಟ್ಟುಹೋಗಿತ್ತು. ಅದಕ್ಕೇ.”

“ಸರಿ ಅಪ್ಪಾ.”

“ಏನೋ ಕೇಳ್ಬೇಕು ಅಂತಿದ್ದೆಯಲ್ಲ. ಕೇಳು.”

“ಏನಿಲ್ಲ ಅಪ್ಪಾ.”

“ಇಲ್ಲ, ಕೇಳ್ತೀನಿ ಅಂದೆ ನೀನು. ಹೆದರ್ಬೇಡ, ಕೇಳು.”

“ಮರ್ತುಹೋಯ್ತು ಅಪ್ಪಾ.” ಎಲ್ಲ ಉತ್ತರವೂ ತಕ್ಷಣ ಬರುತ್ತಿತ್ತು, ಅವನ ಮಾತು ಮುಗಿಯುವುದನ್ನೇ ಕಾದಿದ್ದಂತೆ, ಮೆಲ್ಲಗೆ, ಎಲ್ಲೂ ತಡವರಿಸದೆ. ಆ ದನಿಯನ್ನು ಅವನು ಬಲ್ಲ. ಅದೇ ದನಿ ಕೆಲವು ತಿಂಗಳು ಈ ಮನೆಯಲ್ಲಿ ಓಡಾಡಿಕೊಂಡಿತ್ತು, ಅದನ್ನೇ ಅವನು ಶಾಂತಿ ಎಂದುಕೊಂಡಿದ್ದ. ಬೇಡ ಎನ್ನು ಮಗಳೇ, ಒಂದು ಸಲ ಬೇಡ ಎನ್ನು, ಕೂಗು, ಬೈಯಿ.

“ಮುಂದಿನ ವಾರ ಪಾರ್ಕಿಗೆ ಬರ್ತೀಯಾ?” ಎಂದ.

“ಬರ್ತೀನಿ ಅಪ್ಪಾ.”

ಆಪ್ತಸಮಾಲೋಚಕಿ ಅವನ ಕಡೆ ನೋಡಲೇ ಇಲ್ಲ. “ಇವತ್ತಿಗೆ ಇಷ್ಟು ಸಾಕು ಪುಟ್ಟಾ,” ಎಂದಳು. “ಆಚೆ ಕೋಣೆಲಿ ಅಮ್ಮ ಇದಾರೆ. ಎದ್ದು ಅವರ ಹತ್ರ ಹೋಗು, ನಾನು ಬರ್ತೀನಿ.”

ಮಗಳು ಏಳಲಿಲ್ಲ. ಮೇಡಂ ಕುರ್ಚಿಯನ್ನು ಹಿಂದಕ್ಕೆಳೆದು ದಾರಿ ಮಾಡಿಕೊಟ್ಟಳು, ಬೆನ್ನ ಮೇಲೆ ಕೈಯಿಟ್ಟು, ಹೋಗಮ್ಮ ಎಂದಳು. ಇಲ್ಲ. ಹುಡುಗಿಯ ಕಣ್ಣು ಪರದೆಯ ಮೇಲೇ ಇತ್ತು, ಅವನ ಮುಖದ ಮೇಲೆ, ಅಲ್ಲಿ ಏನು ಬದಲಾದರೂ ತಪ್ಪಿಹೋಗದ ಹಾಗೆ.

“ಅಪ್ಪಾ,” ಎಂದಳು. “ಹೋಗ್ಲಾ?”

ಅವನ ಹಿಂದೆ ಅಕ್ಕ ಮೇಜಿನ ಕಾಲು ಹಿಡಿದು ಏಳಲು ನೋಡುತ್ತಿದ್ದಳು, ಪ್ಲಾಸ್ಟರ್ ಚೂರುಗಳು ಅವಳ ಕಾಲ ಕೆಳಗೆ ಸದ್ದು ಮಾಡಿದವು. ಕೊನೆಗೆ ಅವನು ‘ಹೋಗು’ ಎನ್ನುವವರೆಗೂ ಅವಳು ಕುರ್ಚಿ ಬಿಟ್ಟು ಅಲುಗಲಿಲ್ಲ.